ಎಂಜಿನ್ನಿನ ಶ್ವಾಸನಾಳ ಸೋರದಿರಲಿ

ಸುಗ್ಗಿಯ ದಿನಗಳಲ್ಲಿ ಬೀದರಿನ ಗಾಂಧಿ ಗಂಜದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ತೊಗರಿ, ಉದ್ದು, ಸೋಯಾಬೀನ್ ಚೀಲಗಳು ಲಾರಿಗಳಿಂದ ಇಳಿಯುತ್ತಿರುತ್ತವೆ. ಕಾಳಿನ ಹೊಟ್ಟು, ಜಂಬಿಟ್ಟಿಗೆ ನೆಲದ ಕೆಂಪು ಧೂಳು ಎರಡೂ ಗಾಳಿಯಲ್ಲಿ ಬೆರೆತಿರುತ್ತವೆ. ಹಮಾಲರು ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತಾರೆ. ಪಕ್ಕದಲ್ಲೇ ಗುರುಗುಟ್ಟುತ್ತ ನಿಂತ ವಾಹನದ ಎಂಜಿನ್ನೂ ಇದೇ ಗಾಳಿಯನ್ನು ಉಸಿರಾಡುತ್ತದೆ. ಅದರ ಮೂಗಿನ ಟವೆಲ್ಲೇ ಏರ್ ಫಿಲ್ಟರ್. ಫಿಲ್ಟರಿನಲ್ಲಿ ಶುದ್ಧವಾದ ಗಾಳಿಯನ್ನು ಎಲ್ಲ ಸಿಲಿಂಡರುಗಳಿಗೂ ಹಂಚುವ ಕವಲು ಕೊಳವೆಯೇ ಇನ್‌ಟೇಕ್ ಮ್ಯಾನಿಫೋಲ್ಡ್.

ಕಾರಿನ ಶಕ್ತಿ ಹೆಚ್ಚಿಸಬೇಕೆಂಬ ಆಸೆಯಿಂದ ಈ ಮ್ಯಾನಿಫೋಲ್ಡನ್ನು ಬದಲಿಸುವ ಯುವಕರು ಈಗ ನಮ್ಮ ಊರುಗಳಲ್ಲೂ ಇದ್ದಾರೆ. ಪರಿಚಯದ ಹುಡುಗನೊಬ್ಬ ಹಾಗೆ ಬದಲಿಸಿದ ಕಾರನ್ನು ನನಗೆ ತೋರಿಸಲು ತಂದಿದ್ದ. ಐಡ್ಲಿಂಗಿನಲ್ಲಿ ಎಂಜಿನ್ ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. "ಸರ್, ಒಂದು ಟ್ಯೂಬ್ ಸಿಲಿಕೋನ್ ಪೂರ್ತಿ ಹಚ್ಚೀನಿ, ಸೋರೋ ಮಾತೇ ಇಲ್ಲ" ಎಂದ. ಬಿಚ್ಚಿ ನೋಡಿದಾಗ ಒಂದು ಕೊಳವೆಯ ಒಳಗೋಡೆಯಲ್ಲಿ, ಜೋಡಣೆಯ ಅಂಚಿನಿಂದ ಹೊರಟ ಕೆಂಪು ಧೂಳಿನ ಗೆರೆ ಕಾಣಿಸಿತು. ಟ್ಯೂಬ್ ಪೂರ್ತಿ ಹಚ್ಚಿದ್ದರೂ ಗಾಳಿ ನುಗ್ಗಿದ್ದು ಹೇಗೆ? ಇದನ್ನು ತಿಳಿಯಲು ಸ್ವಲ್ಪ ಭೌತವಿಜ್ಞಾನದ ಸಹಾಯ ಬೇಕು.

ಒಂದು ಚದರ ಮಿಲಿಮೀಟರಿನ ಬೆಲೆ

ಬೀದರ್ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾಯುಭಾರ ಸುಮಾರು 93 ಕಿಲೋಪ್ಯಾಸ್ಕಲ್. ಪೆಟ್ರೋಲ್ ಎಂಜಿನ್ ಐಡ್ಲಿಂಗಿನಲ್ಲಿರುವಾಗ ಥ್ರಾಟಲ್ ಬಹುಪಾಲು ಮುಚ್ಚಿರುತ್ತದೆ. ಪಿಸ್ಟನ್ನುಗಳು ಗಾಳಿಯನ್ನು ಎಳೆಯುತ್ತಲೇ ಇರುತ್ತವೆ. ಆದ್ದರಿಂದ ಮ್ಯಾನಿಫೋಲ್ಡಿನೊಳಗಿನ ಒತ್ತಡ ಸುಮಾರು 35 ಕಿಲೋಪ್ಯಾಸ್ಕಲ್‌ಗೆ ಇಳಿಯುತ್ತದೆ. ಒಳಗಿನ ಒತ್ತಡವು ಹೊರಗಿನದರ ಶೇಕಡಾ 53ಕ್ಕಿಂತ ಕಡಿಮೆಯಾದಾಗ ರಂಧ್ರದ ಮೂಲಕ ನುಗ್ಗುವ ಗಾಳಿ ಶಬ್ದದ ವೇಗವನ್ನು ಮುಟ್ಟುತ್ತದೆ. ಇಲ್ಲಿ ಆ ಪ್ರಮಾಣ ಶೇಕಡಾ 38 ಮಾತ್ರ.

ಲೆಕ್ಕ ಹಾಕಿದರೆ, ಒಂದು ಚದರ ಮಿಲಿಮೀಟರ್ ರಂಧ್ರದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 0.2 ಗ್ರಾಂ ಗಾಳಿ ಒಳಹೋಗಬಲ್ಲದು. ಇದೇನು ಮಹಾ ಎನ್ನಬೇಡಿ. 1.3 ಲೀಟರಿನ ಎಂಜಿನ್ ಐಡ್ಲಿಂಗಿನಲ್ಲಿ ಸೇವಿಸುವ ಒಟ್ಟು ಗಾಳಿಯೇ ಸೆಕೆಂಡಿಗೆ ಸುಮಾರು 2.5 ಗ್ರಾಂ. ಅಂದರೆ ಇಷ್ಟು ಸಣ್ಣ ರಂಧ್ರವೂ ಹನ್ನೆರಡನೆಯ ಒಂದು ಪಾಲಿನಷ್ಟು ಗಾಳಿಯನ್ನು ಹಿಂಬಾಗಿಲಿನಿಂದ ತರಬಲ್ಲದು. ಆ ಗಾಳಿ ಫಿಲ್ಟರನ್ನು ದಾಟಿ ಬಂದದ್ದಲ್ಲ. ಅದರಲ್ಲಿರುವ ಖನಿಜದ ಕಣಗಳು ಸಿಲಿಂಡರ್ ಗೋಡೆ ಮತ್ತು ಪಿಸ್ಟನ್ ರಿಂಗುಗಳ ನಡುವೆ ಸಿಕ್ಕು ಉಜ್ಜುಕಾಗದದಂತೆ ಕೆಲಸ ಮಾಡುತ್ತವೆ.

ಸೋರಿಕೆಯಿಂದ ಇನ್ನೊಂದು ತೊಂದರೆಯೂ ಇದೆ. ರಂಧ್ರವು ಒಂದೇ ಸಿಲಿಂಡರಿನ ಕೊಳವೆಯ ಹತ್ತಿರವಿದ್ದರೆ ಆ ಸಿಲಿಂಡರಿಗೆ ಮಾತ್ರ ಗಾಳಿ ಹೆಚ್ಚು, ಇಂಧನ ಕಡಿಮೆ ಆಗುತ್ತದೆ. ನಿಷ್ಕಾಸ ಕೊಳವೆಯಲ್ಲಿರುವ ಆಮ್ಲಜನಕ ಸಂವೇದಕ ನೋಡುವುದು ಎಲ್ಲ ಸಿಲಿಂಡರುಗಳ ಸರಾಸರಿಯನ್ನು. ಅದರ ಮಾತು ಕೇಳಿ ಗಣಕವು ಎಲ್ಲಕ್ಕೂ ಸ್ವಲ್ಪ ಇಂಧನ ಹೆಚ್ಚಿಸುತ್ತದೆ. ಫಲವಾಗಿ ಒಂದು ಸಿಲಿಂಡರಿಗೆ ಹಸಿವು, ಉಳಿದವಕ್ಕೆ ಅಜೀರ್ಣ! ಟರ್ಬೊ ಇರುವ ಎಂಜಿನ್ನಿನಲ್ಲಿ ವೇಗ ಹೆಚ್ಚಿಸಿದಾಗ ಒಳಗಿನ ಒತ್ತಡವೇ ಹೆಚ್ಚು; ಆಗ ಗಾಳಿ ಹೊರಕ್ಕೆ ಸೋರುತ್ತದೆ. ಕಷ್ಟಪಟ್ಟು ಗಳಿಸಿದ ಶಕ್ತಿ ಗಾಳಿಪಾಲಾಗುತ್ತದೆ.

ಸ್ಪರ್ಧೆಯ ಕಾರುಗಳಲ್ಲಿ

ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 2003ರಲ್ಲಿ ಆರಂಭಿಸಿದ ಅಶ್ವ ರೇಸಿಂಗ್ ತಂಡದ ಹೆಸರನ್ನು ನೀವು ಕೇಳಿರಬಹುದು. ಇಂತಹ ತಂಡಗಳು ಭಾಗವಹಿಸುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯಲ್ಲಿ ಪೆಟ್ರೋಲ್ ಎಂಜಿನ್ ಸೇವಿಸುವ ಗಾಳಿಯೆಲ್ಲವೂ 20 ಮಿಲಿಮೀಟರ್ ವ್ಯಾಸದ ಒಂದೇ ಕಿಂಡಿಯ ಮೂಲಕ ಹೋಗಬೇಕೆಂಬ ನಿಯಮವಿದೆ. ಶಕ್ತಿಗೆ ಮಿತಿ ಹಾಕುವುದು ಇದರ ಉದ್ದೇಶ. ಕಿಂಡಿಯಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ ಎಷ್ಟೇ ಎಳೆದರೂ ಹೆಚ್ಚು ಬರದು. ಸಮುದ್ರಮಟ್ಟದಲ್ಲಿ ಸೆಕೆಂಡಿಗೆ ಸುಮಾರು 74 ಗ್ರಾಂ, ಬೀದರಿನ ಎತ್ತರದಲ್ಲಿ ಸುಮಾರು 68 ಗ್ರಾಂ, ಇದೇ ಗರಿಷ್ಠ ಮಿತಿ.

ಸಾಮಾನ್ಯ ಎಂಜಿನ್ನಿನಲ್ಲಿ ಥ್ರಾಟಲ್ ಪೂರ್ತಿ ತೆರೆದಾಗ ಒಳಗೆ ಹೊರಗೆ ಒತ್ತಡ ಹೆಚ್ಚು ಕಡಿಮೆ ಸಮವಾಗಿ ಸೋರಿಕೆ ತಗ್ಗುತ್ತದೆ. ಕಿಂಡಿ ಹಾಕಿದ ಎಂಜಿನ್ನಿನಲ್ಲಿ ಹಾಗಲ್ಲ. ಪೂರ್ಣ ಶಕ್ತಿಯಲ್ಲಿರುವಾಗಲೂ ಕಿಂಡಿಯ ಆಚೆ ಒತ್ತಡ ಕಡಿಮೆಯೇ ಇರುತ್ತದೆ. ಆಗ ಸೋರಿಕೆಯಾದರೆ ಇಂಧನದ ಕೊರತೆಯಿಂದ ಆಸ್ಫೋಟನ ಉಂಟಾಗಿ ಪಿಸ್ಟನ್ ಹಾಳಾಗಬಹುದು, ನಿಯಮವೂ ಮುರಿದಂತೆ. ಅಂತಾರಾಷ್ಟ್ರೀಯ ರ್‍ಯಾಲಿಗಳಲ್ಲಿ ಇಂಥ ಕಿಂಡಿಯನ್ನು ಪೂರ್ತಿ ಮುಚ್ಚಿ ನೋಡುವ ಪರೀಕ್ಷೆಯಿದೆ. ಕೂಡಲೇ ಎಂಜಿನ್ ನಿಲ್ಲಬೇಕು. ನಿಲ್ಲದಿದ್ದರೆ ಬೇರೆಲ್ಲಿಂದಲೋ ಉಸಿರಾಡುತ್ತಿದೆ ಎಂದೇ ಅರ್ಥ.

ಮೊದಲು ಸಮತಲ, ಆಮೇಲೆ ಗ್ಯಾಸ್ಕೆಟ್

ಸೋರಿಕೆಯನ್ನು ತಡೆಯುವುದು ಅಂಟು ಅಲ್ಲ, ಎರಡು ಸಮತಲಗಳ ನಡುವೆ ಎಲ್ಲೆಡೆ ಸಮನಾಗಿರುವ ಒತ್ತು. ಗ್ಯಾಸ್ಕೆಟ್ ಅಥವಾ ಸಿಲಿಕೋನ್ ತುಂಬುವುದು ಉಳಿದ ಸೂಕ್ಷ್ಮ ತಗ್ಗುಗಳನ್ನು ಮಾತ್ರ. ಇಕ್ಕಟ್ಟಾದ ಸೀಳಿನಲ್ಲಿ ಸ್ನಿಗ್ಧತೆಯಿಂದಾಗಿ ಗಾಳಿಯ ಹರಿವು ಸೀಳಿನ ಎತ್ತರದ ಘನಕ್ಕೆ ಅನುಗುಣವಾಗಿರುತ್ತದೆ. ಎತ್ತರವನ್ನು ಅರ್ಧ ಮಾಡಿದರೆ ಸೋರಿಕೆ ಎಂಟನೆಯ ಒಂದಕ್ಕೆ ಇಳಿಯುತ್ತದೆ. ಆದ್ದರಿಂದ ಸಮತಲಕ್ಕಾಗಿ ಪಟ್ಟ ಶ್ರಮ ವ್ಯರ್ಥವಾಗುವುದಿಲ್ಲ.

ಜೋಡಿಸುವ ಮೊದಲು ಸಿಲಿಂಡರ್ ಹೆಡ್ಡಿನ ರಂಧ್ರಗಳಿಗೆ ಶುಭ್ರವಾದ ಬಟ್ಟೆ ತುರುಕಿ. ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಮರದ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ಕೆರೆಯಿರಿ. ಅಲ್ಯೂಮಿನಿಯಂ ಮೆದು, ಉಕ್ಕಿನ ಚಾಕು ಎಳೆದ ಗೀರು ಸೋರಿಕೆಯ ಹೊಸ ದಾರಿಯಾಗುತ್ತದೆ. ಥಿನ್ನರಿನಿಂದ ಒರೆಸಿ ಒಣಗಿಸಿದ ಮೇಲೆ ನೇರಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಓರೆಯಾಗಿ ಇಟ್ಟು ಕೆಳಗೆ ಫೀಲರ್ ಗೇಜಿನ ಎಲೆಗಳನ್ನು ತೂರಿಸಿ ನೋಡಿ. 0.05 ಮಿಲಿಮೀಟರ್ ಎಲೆ ತೂರದಿದ್ದರೆ ಒಳ್ಳೆಯದು. ಎಷ್ಟು ಓರೆ ಸಹ್ಯ ಎಂಬುದನ್ನು ತಯಾರಕರ ಕೈಪಿಡಿ ಹೇಳುತ್ತದೆ. ಆ ಹುಡುಗನ ಮ್ಯಾನಿಫೋಲ್ಡಿನ ಕೆಳಗೆ 0.15 ಮಿಲಿಮೀಟರಿನ ಎಲೆ ಸಲೀಸಾಗಿ ಹೋಯಿತು. ಕಾರಣ ತಿಳಿಯಿತಲ್ಲ?

ಗ್ಯಾಸ್ಕೆಟ್ ಕೊಳವೆಯ ಬಾಯಿಯೊಳಗೆ ಚಾಚಬಾರದು. ಚಾಚಿದರೆ ಗಾಳಿಯ ಹರಿವು ಕದಡಿ, ಮ್ಯಾನಿಫೋಲ್ಡ್ ಬದಲಿಸಿದ ಉದ್ದೇಶವೇ ಹಾಳಾಗುತ್ತದೆ. ತೋಡಿನಲ್ಲಿ ಕೂರುವ ರಬ್ಬರ್ ಸೀಲ್ ಇದ್ದರೆ, ಕೈಪಿಡಿ ಹೇಳದ ಹೊರತು ಸಿಲಿಕೋನ್ ಹಚ್ಚಬೇಡಿ. ಸಾಮಾನ್ಯ ಸಿಲಿಕೋನ್ ಪೆಟ್ರೋಲ್ ತಾಗಿದರೆ ಉಬ್ಬಿ ಸಡಿಲವಾಗುತ್ತದೆ. ಅದು ಗಟ್ಟಿಯಾಗುವುದು ಗಾಳಿಯ ತೇವಾಂಶದಿಂದ. ದಪ್ಪಗೆ ಹಚ್ಚಿದರೆ ಹೊರಪದರ ಮಾತ್ರ ಗಟ್ಟಿಯಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಒಳಕ್ಕೆ ಹಿಂಡಿಕೊಂಡ ತುಣುಕುಗಳು ಎಂಜಿನ್ನಿನ ಹೊಟ್ಟೆ ಸೇರುತ್ತವೆ.

ಬೋಲ್ಟು ಬಿಗಿಯುವ ಕ್ರಮ

ನಮ್ಮ ಕಡೆ ಪಾನಾ ಎಂದು ಕರೆಯುವ ಸ್ಪ್ಯಾನರಿನಿಂದ ಬೋಲ್ಟು ತಿರುಗಿಸುವಾಗ ನಾವು ನಿಜವಾಗಿ ಮಾಡುವುದು ಬೋಲ್ಟನ್ನು ಸ್ಪ್ರಿಂಗಿನಂತೆ ಹಿಗ್ಗಿಸುವ ಕೆಲಸ. 8 ಮಿಲಿಮೀಟರ್ ಬೋಲ್ಟಿಗೆ 20 ನ್ಯೂಟನ್-ಮೀಟರ್ ತಿರುಚು ಕೊಟ್ಟರೆ ಅದು ಸುಮಾರು 12,500 ನ್ಯೂಟನ್ ಬಲದಿಂದ, ಅಂದರೆ ಒಂದೂಕಾಲು ಟನ್ ಭಾರದಷ್ಟು, ಒತ್ತುತ್ತದೆ. 20 ಸೆಂಟಿಮೀಟರ್ ಉದ್ದದ ಪಾನಾದ ತುದಿಯಲ್ಲಿ 10 ಕಿಲೋಗ್ರಾಂ ಭಾರದಷ್ಟು ಎಳೆದರೆ ಸಾಕು, ಇಷ್ಟು ಬಲ ಬರುತ್ತದೆ. ಮರೆಗೆ ಎಣ್ಣೆ ತಾಗಿದ್ದರೆ ಘರ್ಷಣೆ ಕಡಿಮೆಯಾಗಿ ಅದೇ ತಿರುಚಿಗೆ ಮೂರನೆಯ ಒಂದು ಪಾಲು ಹೆಚ್ಚು ಬಲ ಬರಬಹುದು. ಅಲ್ಯೂಮಿನಿಯಮ್ಮಿನ ಮರೆ ಕಿತ್ತು ಬರುವುದು ಹೀಗೆ. ಕೈಯ ಅಂದಾಜಿಗಿಂತ ಟಾರ್ಕ್ ರೆಂಚ್ ಮೇಲು.

ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದ ಕೂರಿಸಿ. ನಂತರ ನಡುವಿನಿಂದ ಆರಂಭಿಸಿ ಎಡಕ್ಕೊಂದು, ಬಲಕ್ಕೊಂದು ಎಂಬಂತೆ ಹೊರಕ್ಕೆ ಸಾಗಿ. 20 ನ್ಯೂಟನ್-ಮೀಟರ್ ಬೇಕಾದಲ್ಲಿ 7, 14, 20 ಎಂದು ಮೂರು ಸುತ್ತಿನಲ್ಲಿ ಬಿಗಿಯಿರಿ. ಎರಡು ತುದಿಗಳನ್ನು ಮೊದಲೇ ಬಿಗಿದರೆ ನಡುವಿನ ಉಬ್ಬಿಗೆ ಹರಡಿಕೊಳ್ಳಲು ದಾರಿ ಇರುವುದಿಲ್ಲ. ಉಷ್ಣ ವ್ಯಾಕೋಚನವನ್ನೂ ಮರೆಯುವಂತಿಲ್ಲ. 400 ಮಿಲಿಮೀಟರ್ ಉದ್ದದ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ 60 ಡಿಗ್ರಿ ಬಿಸಿಯೇರಿದರೆ ಅರ್ಧ ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಕಬ್ಬಿಣದ ಹೆಡ್ ಹಿಗ್ಗುವುದು ಅದರ ಅರ್ಧದಷ್ಟು. ಬೋಲ್ಟಿನ ರಂಧ್ರಗಳು ಸ್ವಲ್ಪ ದೊಡ್ಡದಾಗಿರುವುದು ಈ ಚಲನೆಗೆ ಎಡೆಕೊಡಲು.

ಪರೀಕ್ಷೆ

ಜೋಡಿಸಿದ ಮೇಲೆ ಕಡಿಮೆ ಒತ್ತಡದ ಹೊಗೆಯನ್ನು ಒಳಗೆ ಹಾಯಿಸಿ ಎಲ್ಲಿಂದ ಹೊರಬರುತ್ತದೆಂದು ನೋಡುವುದು ಉತ್ತಮ ವಿಧಾನ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಚಿಮುಕಿಸಿ ಪರೀಕ್ಷಿಸುವ ಅಭ್ಯಾಸ ಕೆಲವರಿಗಿದೆ. ಅದು ಬೆಂಕಿಗೆ ಆಹ್ವಾನ, ಖಂಡಿತ ಬೇಡ.

ನಿರ್ವಾತ ಮಾಪಕ ಬಳಸುವವರಿಗೆ ಒಂದು ಎಚ್ಚರಿಕೆ. ಸ್ವಸ್ಥ ಎಂಜಿನ್ನಿನಲ್ಲಿ ಅದು 450ರಿಂದ 500 ಮಿಲಿಮೀಟರ್ ಪಾದರಸ ತೋರಿಸಬೇಕೆಂದು ಪುಸ್ತಕಗಳು ಹೇಳುತ್ತವೆ. ಅದು ಸಮುದ್ರಮಟ್ಟದ ಮಾತು. ಬೀದರಿನಲ್ಲಿ ವಾಯುಭಾರವೇ ಸುಮಾರು 60 ಮಿಲಿಮೀಟರ್ ಕಡಿಮೆ. ಇಲ್ಲಿ 400 ತೋರಿಸಿದ ಎಂಜಿನ್ ಪೂರ್ಣ ಆರೋಗ್ಯದಿಂದ ಇರಬಹುದು. ಪುಸ್ತಕವನ್ನೇ ನಂಬಿ ಗಟ್ಟಿಯಾಗಿದ್ದ ಜೋಡಣೆಯನ್ನು ಬಿಚ್ಚಬೇಡಿ. ಮುಳ್ಳು ನಿಂತಲ್ಲಿ ನಿಲ್ಲದೆ ಅಲುಗಾಡುತ್ತಿದ್ದರೆ ಆಗ ಸಂಶಯಪಡಿ.

ಆ ಹುಡುಗ ಮ್ಯಾನಿಫೋಲ್ಡಿನ ಮುಖವನ್ನು ಯಂತ್ರದಲ್ಲಿ ಸಪಾಟು ಮಾಡಿಸಿ, ಹೊಸ ಗ್ಯಾಸ್ಕೆಟ್ ಇಟ್ಟು, ಕ್ರಮವಾಗಿ ಬಿಗಿದ. ಸಿಲಿಕೋನ್ ಬೇಕಾಗಲೇ ಇಲ್ಲ. ಐಡ್ಲಿಂಗ್ ಸ್ಥಿರವಾಯಿತು. ಅಷ್ಟು ದಿನ ಒಳಸೇರಿದ ಧೂಳು ರಿಂಗುಗಳನ್ನು ಎಷ್ಟು ಸವೆಸಿದೆಯೋ ಅದನ್ನು ಮಾತ್ರ ಯಾವ ಗ್ಯಾಸ್ಕೆಟ್ಟೂ ಹಿಂದಕ್ಕೆ ತರಲಾರದು. ನೀವು ಮ್ಯಾನಿಫೋಲ್ಡಿಗೆ ಕೈ ಹಾಕುವ ದಿನ ಸಿಲಿಕೋನ್ ಟ್ಯೂಬಿಗಿಂತ ಮೊದಲು ನೇರಪಟ್ಟಿಯನ್ನು ಕೈಗೆತ್ತಿಕೊಳ್ಳಿ.