ತಪ್ಪಿಸಿಕೊಂಡ ನಾಯಿ ಎಲ್ಲಿಗೆ ಮರಳುತ್ತದೆ?

ದೀಪಾವಳಿ ಮುಗಿದ ವಾರ ಬರುವ ಓದುಗರ ಪತ್ರಗಳಲ್ಲಿ ಒಂದಾದರೂ ಕಳೆದುಹೋದ ನಾಯಿಯದ್ದು ಇದ್ದೇ ಇರುತ್ತದೆ. ಈ ಸಲ ದಾವಣಗೆರೆಯಿಂದ ಬಂದಿದೆ. ಪಕ್ಕದ ಮನೆಯವರು ಪಟಾಕಿ ಸರಕ್ಕೆ ಬೆಂಕಿ ಹಚ್ಚಿದ್ದೇ ತಡ, ಇವರ ಲ್ಯಾಬ್ರಡಾರ್ ಗೇಟಿನ ಸಂದಿಯಲ್ಲಿ ನುಸುಳಿ ಓಟ ಕಿತ್ತಿದೆ. ‘ನಾಯಿಗೆ ಮನೆ ದಾರಿ ಗೊತ್ತಿರುತ್ತದೆ, ತಾನಾಗಿ ಬರುತ್ತದೆ ಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಕಾಯಬೇಕೋ ಹುಡುಕಬೇಕೋ? ಚಿಪ್ ಹಾಕಿಸಿದ್ದೇವೆ, ಅದರಿಂದ ಎಲ್ಲಿದೆ ಅಂತ ಗೊತ್ತಾಗುವುದಿಲ್ಲವೆ?’ ಎಂದು ಕೇಳಿದ್ದಾರೆ.

ಹುಡುಕಬೇಕು, ಅದೂ ಈಗಲೇ. ಚಿಪ್ಪಿನಿಂದ ಗೊತ್ತಾಗುವುದಿಲ್ಲ, ಅದನ್ನು ಕೊನೆಗೆ ಹೇಳುತ್ತೇನೆ. ಆದರೆ ‘ತಾನಾಗಿ ಬರುತ್ತದೆ’ ಎಂಬ ಮಾತು ಪೂರ್ತಿ ಸುಳ್ಳಲ್ಲ. ಅದರಲ್ಲಿ ಎಷ್ಟು ನಿಜ ಎಂಬುದನ್ನು ತಿಳಿದುಕೊಂಡರೆ ಹುಡುಕುವುದು ಹೇಗೆ ಎಂಬುದೂ ತಿಳಿಯುತ್ತದೆ.

2024ರಲ್ಲಿ ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಾಲ್ಲೂಕಿನ ಯಮಗರ್ಣಿಯ ‘ಮಹಾರಾಜ್’ ಎಂಬ ಕಪ್ಪು ನಾಯಿಯ ಸುದ್ದಿಯನ್ನು ನೀವು ಓದಿರಬಹುದು. ಆಷಾಢ ಏಕಾದಶಿಯ ದಿಂಡಿಯಲ್ಲಿ ಯಜಮಾನರ ಹಿಂದೆಯೇ ನಡೆಯುತ್ತಾ ಪಂಢರಪುರಕ್ಕೆ ಹೋಗಿದ್ದ ಆ ನಾಯಿ ಅಲ್ಲಿನ ಜನಜಂಗುಳಿಯಲ್ಲಿ ತಪ್ಪಿಸಿಕೊಂಡಿತು. ಹುಡುಕಿ ಸೋತ ಯಜಮಾನರು ಊರಿಗೆ ಮರಳಿದರು. ಅವರ ಹಿಂದೆಯೇ ಸುಮಾರು 250 ಕಿಲೋಮೀಟರ್ ದಾಟಿ ನಾಯಿಯೂ ಮನೆ ಬಾಗಿಲಿಗೆ ಬಂದು ನಿಂತಿತು. ಊರಿನವರು ಹಾರ ಹಾಕಿದರು, ಊಟ ಹಾಕಿಸಿದರು, ದಾರಿ ತೋರಿದವನು ಪಾಂಡುರಂಗನೇ ಎಂದರು. ಅವರ ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಸುದ್ದಿಯಲ್ಲಿ ನನಗೆ ಮುಖ್ಯವೆನಿಸಿದ್ದು ಯಾರೂ ಎತ್ತಿ ಆಡದ ಒಂದು ಸಂಗತಿ: ಆ ನಾಯಿ ಹೋಗಿದ್ದು ನಡೆದುಕೊಂಡು. ಬಸ್ಸಿನಲ್ಲೋ ಟೆಂಪೋದಲ್ಲೋ ಅಲ್ಲ. ಹೋಗುವಾಗ ಇಟ್ಟ ಒಂದೊಂದು ಹೆಜ್ಜೆಯೂ ಅದರ ಮೂಗಿಗೆ ಪರಿಚಯವಾಗಿತ್ತು.

ಮೂಗಿನ ಕೆಲಸ ನೋಡಬೇಕಾದರೆ ಬೆಳಗಿನ ಹೊತ್ತು ಮಣ್ಣಿನ ದಾರಿಗೆ ಹೋಗಿ. ಮೂಸುತ್ತಾ ಸಾಗುವ ನಾಯಿಯ ಮೂಗಿನ ಮುಂದಿನ ಧೂಳು ಮುಂದಕ್ಕೆ ಚದರುವುದಿಲ್ಲ, ಎರಡೂ ಪಕ್ಕಕ್ಕೆ, ಹಿಂದಕ್ಕೆ ಹಾರುತ್ತದೆ. ಹೊಳ್ಳೆಗಳ ಪಕ್ಕದಲ್ಲಿ ಸೀಳಿನಂಥ ಬಾಯಿಗಳಿವೆ, ಬಿಟ್ಟ ಉಸಿರು ಆ ಕಡೆಯಿಂದ ಹೊರಬೀಳುತ್ತದೆ. ಮುಂದಿನ ವಾಸನೆ ಕದಡುವುದಿಲ್ಲ. ಸ್ವಲ್ಪ ಹೊತ್ತು ನೋಡುತ್ತಾ ನಿಂತರೆ ಇನ್ನೊಂದು ಚೆಂದವೂ ಕಾಣುತ್ತದೆ. ನಾಯಿ ಯಾವುದೋ ಜಾಡನ್ನು ಅಡ್ಡ ದಾಟುತ್ತದೆ, ಗಕ್ಕನೆ ನಿಲ್ಲುತ್ತದೆ, ಒಂದು ಕಡೆ ನಾಲ್ಕು ಹೆಜ್ಜೆ ಮೂಸಿ, ತಿರುಗಿ ಇನ್ನೊಂದು ಕಡೆ ಹೊರಡುತ್ತದೆ. ಆಮೇಲೆ ಅನುಮಾನವೇ ಇಲ್ಲದಂತೆ ಸಾಗುತ್ತದೆ. ಜಾಡು ಯಾವ ಕಡೆಯಿಂದ ಯಾವ ಕಡೆಗೆ ಹೋಗಿದೆ ಎಂಬುದು ಅಷ್ಟರಲ್ಲೇ ಅದಕ್ಕೆ ತೀರ್ಮಾನವಾಗಿರುತ್ತದೆ!

ಇದು ಹೇಗೆ ಸಾಧ್ಯ? ಬೆಲ್‌ಫಾಸ್ಟಿನ ಪೀಟರ್ ಹೆಪ್ಪರ್ ಮತ್ತು ಡೆಬೊರಾ ವೆಲ್ಸ್ 2005ರಲ್ಲಿ ಇದರ ಬಗ್ಗೆ ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ರತ್ನಗಂಬಳಿಯ ತುಂಡುಗಳ ಮೇಲೆ ಮನುಷ್ಯನೊಬ್ಬನನ್ನು ನಡೆಸಿ, ದಿಕ್ಕು ತಿಳಿಯಲು ನಾಯಿಗೆ ಎಷ್ಟು ಹೆಜ್ಜೆ ಸಾಕು ಎಂದು ನೋಡಿದರು. ಐದು ಹೆಜ್ಜೆ ಸಾಕಾಯಿತು. ಮೂರು ಸಾಲಲಿಲ್ಲ. ತುಂಡುಗಳ ಸಾಲನ್ನು ಹಿಂದುಮುಂದು ಮಾಡಿಟ್ಟಾಗ ನಾಯಿ ಗೊಂದಲಕ್ಕೆ ಬಿತ್ತು. ಅಂದರೆ ಅದು ಲೆಕ್ಕ ಹಾಕುತ್ತಿದ್ದುದು ಹೆಜ್ಜೆಯಿಂದ ಹೆಜ್ಜೆಗೆ ಬದಲಾಗುವ ವಾಸನೆಯನ್ನು. ಮೊದಲನೆಯ ಹೆಜ್ಜೆಗೂ ಐದನೆಯದಕ್ಕೂ ನಡುವೆ ಎಷ್ಟು ಹೊತ್ತು ಕಳೆದಿರುತ್ತದೆ? ಒಂದೆರಡು ಸೆಕೆಂಡು. ಅಷ್ಟರಲ್ಲಿ ಆರುವ ವಾಸನೆಯ ವ್ಯತ್ಯಾಸವನ್ನು ಹಿಡಿಯುವ ಮೂಗು ಅದು. ಇದನ್ನು ಓದಿದ ಮೇಲೆ ಬೀದಿಯ ಯಾವ ನಾಯಿಯನ್ನೂ ಹಗುರವಾಗಿ ನೋಡಲು ನನಗೆ ಮನಸ್ಸು ಬಂದಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಬಂದ ಜಾಡು ಹಿಡಿದೇ ಮರಳುವುದಾದರೆ ಅದು ಮೂಗಿನ ಕೆಲಸ. ಬಾರದ ದಾರಿಯಲ್ಲಿ ಮರಳುವ ನಾಯಿಗಳೂ ಇವೆಯಲ್ಲ? ಪ್ರಾಗ್‌ನ ಕತೆರೀನಾ ಬೆನೆಡಿಕ್ಟೋವಾ, ಹೈನೆಕ್ ಬುರ್ಡಾ ಮತ್ತು ಅವರ ಸಂಗಡಿಗರು 27 ಬೇಟೆನಾಯಿಗಳ ಕೊರಳಿಗೆ ಜಿಪಿಎಸ್ ಕಟ್ಟಿ ಚೆಕ್ ದೇಶದ ಕಾಡುಗಳಲ್ಲಿ ಬಿಟ್ಟರು. ನಾಯಿಗಳು ಪ್ರಾಣಿಗಳ ಬೆನ್ನು ಹತ್ತಿ ನೂರಾರು ಮೀಟರ್ ಓಡಿ, ಆಮೇಲೆ ಯಜಮಾನನ ಬಳಿಗೆ ಮರಳುತ್ತಿದ್ದವು. 600ಕ್ಕೂ ಹೆಚ್ಚು ಇಂಥ ಓಟಗಳ ನಕ್ಷೆ ಸಿಕ್ಕಿತು. ಶೇ 59ರಷ್ಟು ಸಲ ಹೋದ ಜಾಡಿನಲ್ಲೇ ವಾಪಸು. ಮೂರರಲ್ಲೊಂದು ಪಾಲು ಸಲ ಹೊಸ ದಾರಿ. ಆ ಹೊಸ ದಾರಿಯ ಓಟಗಳಲ್ಲಿ ಯಾರೂ ನಿರೀಕ್ಷಿಸದ ಒಂದು ನಡೆ ಕಂಡಿತು. ಹೊರಡುವ ಮುನ್ನ ನಾಯಿ ಸುಮಾರು 20 ಮೀಟರ್ ಉತ್ತರ-ದಕ್ಷಿಣ ರೇಖೆಯಲ್ಲಿ ಓಡುತ್ತಿತ್ತು. ಯಜಮಾನ ಪೂರ್ವಕ್ಕಿರಲಿ ಪಶ್ಚಿಮಕ್ಕಿರಲಿ, ಮೊದಲು ಆ ರೇಖೆಯಲ್ಲಿ ಒಂದು ಓಟ, ಆಮೇಲೆ ಸರಿಯಾದ ದಿಕ್ಕಿಗೆ ತಿರುವು. ಹಾಗೆ ಓಡಿದ ನಾಯಿಗಳು ಹೆಚ್ಚು ನೇರವಾದ ದಾರಿಯಲ್ಲಿ ಮರಳಿದವು. ಭೂಮಿಯ ಕಾಂತಕ್ಷೇತ್ರಕ್ಕೆ ತನ್ನ ತಲೆಯೊಳಗಿನ ನಕ್ಷೆಯನ್ನು ನಾಯಿ ಹೊಂದಿಸಿಕೊಳ್ಳುತ್ತದೆ ಎಂಬುದು ಅವರ ವಿವರಣೆ. 2020ರಲ್ಲಿ ಈ ವರದಿ ಬಂದ ದಿನ ನಾನು ಸಿಕ್ಕಸಿಕ್ಕವರಿಗೆಲ್ಲ ಇದನ್ನು ಹೇಳಿ ಪೀಡಿಸಿದೆ.

ಇದೇ ಬುರ್ಡಾ ತಂಡ 2013ರಲ್ಲಿ, ಕಾಂತಕ್ಷೇತ್ರ ಶಾಂತವಾಗಿರುವ ಹೊತ್ತಿನಲ್ಲಿ ನಾಯಿಗಳು ಉತ್ತರ-ದಕ್ಷಿಣವಾಗಿ ನಿಂತು ಮಲವಿಸರ್ಜನೆ ಮಾಡಲು ಇಷ್ಟಪಡುತ್ತವೆ ಎಂದು ಹೇಳಿ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನವನ್ನು ಮರುವರ್ಷ ಪಡೆದಿತ್ತು. ಜನ ನಕ್ಕರು. ನಗುವವರು 2016ರಲ್ಲಿ ಜರ್ಮನಿಯಿಂದ ಬಂದ ಸುದ್ದಿಯನ್ನೂ ಗಮನಿಸಬೇಕಿತ್ತು. ವಲಸೆ ಹಕ್ಕಿಗಳ ಕಾಂತಪ್ರಜ್ಞೆಗೆ ಕಾರಣ ಎನ್ನಲಾಗುವ ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನು ನಾಯಿ, ತೋಳ, ಕರಡಿ, ನರಿಗಳ ಕಣ್ಣಿನಲ್ಲೂ ಸಿಕ್ಕಿತು. ಬೆಕ್ಕಿನ ಕಣ್ಣಿನಲ್ಲಿ ಸಿಗಲಿಲ್ಲ.

ಈಗ ಕಾಡಿನ ಆ ಪ್ರಯೋಗದ ಒಂದು ಸಣ್ಣ ವಿವರಕ್ಕೆ ಬನ್ನಿ. ಎಲ್ಲ ಉಪಾಯವೂ ಅಲ್ಲೇ ಅಡಗಿದೆ. ನಾಯಿ ಮರಳುತ್ತಿದ್ದುದು ಎಲ್ಲಿಗೆ? ತಾನು ಯಜಮಾನನನ್ನು ಬಿಟ್ಟ ಜಾಗಕ್ಕೆ. ಯಜಮಾನ ಅಲ್ಲೇ ನಿಂತಿರುತ್ತಿದ್ದ. ನಾವು ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ. ಸಕಲೇಶಪುರದ ತೋಟಕ್ಕೋ ಕುದುರೆಮುಖದ ಕಡೆಗೋ ನಾಯಿ ಕರೆದುಕೊಂಡು ಹೋಗುತ್ತೇವೆ, ಅದು ಕಾಡುಹಂದಿಯ ಹಿಂದೆ ಓಡುತ್ತದೆ. ನಾವು ಕಂಗಾಲಾಗಿ ಕೂಗುತ್ತಾ ನಾಲ್ಕು ದಿಕ್ಕಿಗೂ ಚದರುತ್ತೇವೆ, ಕತ್ತಲಾದರೆ ಕಾರು ಹತ್ತಿ ಹೋಂಸ್ಟೇಗೆ ಮರಳುತ್ತೇವೆ. ನಾಯಿ ಪಾಪ, ಅಷ್ಟೆಲ್ಲ ಲೆಕ್ಕ ಹಾಕಿ ವಾಪಸು ಬಂದರೆ ಅಲ್ಲಿ ಯಾರೂ ಇಲ್ಲ. ಆದ್ದರಿಂದ ಒಬ್ಬರಾದರೂ ಆ ಜಾಗ ಬಿಟ್ಟು ಕದಲಬಾರದು. ಕದಲಲೇಬೇಕಾದರೆ ನೀವು ತೊಟ್ಟು ಬೆವರಿದ, ಒಗೆಯದ ಅಂಗಿಯನ್ನೋ ನಾಯಿ ಮಲಗುವ ಗೋಣಿತಾಟನ್ನೋ ಅಲ್ಲಿ ಹಾಸಿ, ಕುಡಿಯುವ ನೀರಿಟ್ಟು ಹೋಗಿ. ಬೆಳಗಿನ ಜಾವ ಮತ್ತೆ ಬನ್ನಿ. ತಂಪಿನಲ್ಲಿ, ಇಬ್ಬನಿಯ ತೇವದಲ್ಲಿ ವಾಸನೆ ನೆಲಕ್ಕೆ ಹತ್ತಿರವೇ ಉಳಿಯುತ್ತದೆ, ಮಟಮಟ ಮಧ್ಯಾಹ್ನದ ಬಿಸಿಲಿಗೆ ಆರಿಹೋಗುತ್ತದೆ. ಮುಧೋಳದ ನಾಯಿ ಸಾಕಿದವರು ಇನ್ನಷ್ಟು ಎಚ್ಚರವಾಗಿರಬೇಕು. ಅದು ಕಣ್ಣಿನಿಂದ ಬೇಟೆಯಾಡುವ ಜಾತಿ, ಮೊಲ ಕಂಡರೆ ನಿಮ್ಮ ಕೂಗು ಕಿವಿಗೆ ಬೀಳುವುದರೊಳಗೆ ಬಯಲು ದಾಟಿರುತ್ತದೆ.

ದಾವಣಗೆರೆಯ ನಾಯಿಯದು ಬೇರೆ ಕಥೆ. ಅದು ಬಿಟ್ಟ ಜಾಗ ಮನೆಯೇ. ಹಾಗಾಗಿ ಗೇಟು ತೆರೆದಿರಲಿ, ದೀಪ ಉರಿಯುತ್ತಿರಲಿ, ಮನೆಯಲ್ಲಿ ಒಬ್ಬರು ಇರಲಿ. ಉಳಿದವರು ನಡೆದುಕೊಂಡು ಹುಡುಕಲಿ, ಏಕೆಂದರೆ ಊರೊಳಗೆ ಮೂಗು, ಕಾಂತ ಎರಡನ್ನೂ ಕೆಡಿಸುವ ಸಂಗತಿಯೊಂದಿದೆ: ಭಯ. ನಮಗೆ 20 ಸಾವಿರ ಹರ್ಟ್ಸ್‌ವರೆಗೆ ಕೇಳಿದರೆ ನಾಯಿಗೆ ಸುಮಾರು 45 ಸಾವಿರದವರೆಗೆ ಕೇಳುತ್ತದೆ. ಪಟಾಕಿಯ ಸದ್ದಿಗೆ ಓಡಿದ ನಾಯಿ ಜಾಡು ನೋಡಿಕೊಂಡು ಓಡಿರುವುದಿಲ್ಲ. ಅದರ ಮೇಲೆ ನಮ್ಮ ಊರುಗಳಲ್ಲಿ ಪ್ರತಿ ಬೀದಿಗೂ ಅದರದೇ ನಾಯಿಗಳ ಗುಂಪು ಇರುತ್ತದೆ. ಒಂದು ಗುಂಪು ಅಟ್ಟಿದರೆ ಇನ್ನೊಂದರ ಗಡಿಯೊಳಗೆ ಬೀಳುತ್ತದೆ. ಹೀಗೆ ದಿಕ್ಕು ತಪ್ಪಿದ ನಾಯಿ ಕೊನೆಗೆ ಎಲ್ಲಾದರೂ ಮುದುರಿ ಕೂತುಬಿಡುತ್ತದೆ: ನಿಂತ ಲಾರಿಯಡಿ, ಕಟ್ಟುತ್ತಿರುವ ಮನೆಯ ಮರಳಿನ ರಾಶಿಯ ಹಿಂದೆ, ಒಣಗಿದ ಮೋರಿಯೊಳಗೆ. ನಮ್ಮ ಬಡಾವಣೆಯಲ್ಲಿ ಕಳೆದುಹೋಗಿ ಸಿಕ್ಕ ನಾಯಿಗಳಲ್ಲಿ ಹೆಚ್ಚಿನವು ಮನೆಯಿಂದ ನಾಲ್ಕಾರು ಬೀದಿಯೊಳಗೆ ಇಂಥ ಕಡೆಯೇ ಸಿಕ್ಕವು. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯೂ ಇದನ್ನೇ ಹೇಳುತ್ತದೆ. ಕಳೆದುಹೋದ ನಾಯಿಗಳಲ್ಲಿ ಶೇ 93 ಮರಳಿ ಸಿಕ್ಕಿದ್ದವು, ಸುಮಾರು ಅರ್ಧದಷ್ಟು ಸಿಕ್ಕಿದ್ದು ನೆರೆಹೊರೆಯಲ್ಲಿ ಹುಡುಕಿದ್ದರಿಂದ.

ಕಣ್ಣಿಗೆ ಬಿದ್ದ ಕೂಡಲೇ ಹೆಸರು ಕೂಗುತ್ತಾ ಓಡಬೇಡಿ. ಹೆದರಿದ ನಾಯಿಗೆ ತನ್ನತ್ತ ಓಡಿಬರುವುದೆಲ್ಲ ಶತ್ರುವೇ, ಯಜಮಾನನೂ ಹೊರತಲ್ಲ. ಜನ ಇದನ್ನು ನಂಬುವುದಿಲ್ಲ. ‘ನನ್ನನ್ನೇ ನೋಡಿ ಓಡಿತಲ್ಲ’ ಎಂದು ಅಳುತ್ತಾರೆ, ಮರೆತುಬಿಟ್ಟಿದೆ ಎಂದುಕೊಳ್ಳುತ್ತಾರೆ. ಮರೆತಿಲ್ಲ. ದೂರದಲ್ಲೇ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತುಕೊಳ್ಳಿ, ದಿಟ್ಟಿಸಿ ನೋಡಬೇಡಿ, ಮೊಟ್ಟೆಯನ್ನೋ ಬಿಸ್ಕತ್ತನ್ನೋ ಮೆಲ್ಲಗೆ ಎಸೆಯುತ್ತಾ ಕಾಯಿರಿ. ಗಾಳಿ ನಿಮ್ಮ ಕಡೆಯಿಂದ ಅದರ ಕಡೆಗೆ ಬೀಸುತ್ತಿದ್ದರೆ ಇನ್ನೂ ಒಳ್ಳೆಯದು. ಮೂಗು ನಿಮ್ಮನ್ನು ಗುರುತಿಸಿದ ಗಳಿಗೆಯಲ್ಲಿ ಅದರ ಮೈಯೆಲ್ಲ ಸಡಿಲವಾಗುವುದು ಕಣ್ಣಿಗೇ ಕಾಣುತ್ತದೆ.

ಹುಡುಕುವಾಗ ಯಾರನ್ನು ಕೇಳಬೇಕು? ಊರು ಮಲಗಿರುವಾಗ ಎದ್ದಿರುವವರನ್ನು. ಪೌರಕಾರ್ಮಿಕರು, ಹಾಲು-ಪೇಪರ್ ಹಾಕುವ ಹುಡುಗರು, ರಾತ್ರಿ ಪಾಳಿಯ ವಾಚ್‌ಮನ್‌ಗಳು, ಬೀದಿನಾಯಿಗಳಿಗೆ ಅನ್ನ ಹಾಕುವ ಅಮ್ಮಂದಿರು. ಈ ಅಮ್ಮಂದಿರ ಕಣ್ಣಿಗೆ ಹೊಸ ನಾಯಿ ಬಿದ್ದೇ ಬೀಳುತ್ತದೆ. ಹಾಗೆಯೇ ಬೀದಿನಾಯಿಗಳನ್ನು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಹಿಡಿದೊಯ್ಯುವ ಎಬಿಸಿ ಕೇಂದ್ರಕ್ಕೆ ಫೋನ್ ಮಾಡಿದರೆ ಸಾಲದು, ಖುದ್ದಾಗಿ ಹೋಗಿ ನೋಡಿ. ಪಟ್ಟಿ ಕಳಚಿದ ಸಾಕುನಾಯಿ ಬೀದಿನಾಯಿಯೆಂದು ವ್ಯಾನು ಹತ್ತಿರಬಹುದು. ಪೋಸ್ಟರ್‌ನಲ್ಲಿ ದೊಡ್ಡ ಫೋಟೊ, ಫೋನ್ ನಂಬರ್, ಜೊತೆಗೆ ‘ಹೆದರಿದೆ, ಅಟ್ಟಬೇಡಿ, ಕಂಡರೆ ಫೋಟೊ ತೆಗೆದು ಫೋನ್ ಮಾಡಿ’ ಎಂಬ ಸಾಲು ಇರಲಿ. ಒಂದು ಗುರುತನ್ನು ಮಾತ್ರ ಹಾಕಬೇಡಿ. ಹಣ ಕಳಿಸಿ ನಾಯಿ ಕೊಡುತ್ತೇವೆ ಎನ್ನುವವರನ್ನು ಪರೀಕ್ಷಿಸಲು ಅದು ಬೇಕಾಗುತ್ತದೆ.

ಅಂಜನ ಹಾಕಿಸಲು ಹೋಗುವವರ ಮೇಲೆ ನನಗೆ ಸಿಟ್ಟಿದೆ. ಅಂಜನ ಹಾಕುವವನು ವೀಳ್ಯದೆಲೆಗೆ ಕಪ್ಪು ಬಳಿದು ‘ಉತ್ತರ ದಿಕ್ಕಿನಲ್ಲಿ, ನೀರಿನ ಪಕ್ಕದಲ್ಲಿದೆ’ ಎನ್ನುತ್ತಾನೆ. ಉತ್ತರಕ್ಕೆ ಕೆರೆಯೋ ಕಾಲುವೆಯೋ ಇಲ್ಲದ ಊರು ನಮ್ಮಲ್ಲಿ ಯಾವುದಿದೆ? ನಾಯಿ ಹತ್ತಿರದಲ್ಲೇ ಇರುವ ಮೊದಲ ಕೆಲವು ಗಂಟೆಗಳು ಬಲು ಅಮೂಲ್ಯ, ಅವನ್ನು ಅಲ್ಲಿ ಸರದಿಯಲ್ಲಿ ಕೂತು ಕಳೆಯುತ್ತಾರೆ. ‘ಸಾಯಲು ಮನೆ ಬಿಟ್ಟು ಹೋಗಿದೆ, ಹುಡುಕಬಾರದು’ ಎನ್ನುವುದು ಇನ್ನೂ ಕ್ರೂರವಾದ ಮಾತು. ಮುದಿ ನಾಯಿಗಳಿಗೆ ಮನುಷ್ಯರಂತೆಯೇ ಅರಳುಮರಳು ಬರುತ್ತದೆ, ಕಣ್ಣು ಮಂಜಾಗುತ್ತದೆ, ದಾರಿ ತಪ್ಪುತ್ತದೆ. ಅದು ಸಾಯಲು ಹೋಗಿದ್ದಲ್ಲ, ಮರಳಲು ಆಗದೆ ಕೂತಿದೆ. ಎಲ್ಲ ನಾಯಿಗಿಂತ ಮೊದಲು ಹುಡುಕಬೇಕಾದದ್ದು ಅದನ್ನೇ.

ಸಿಕ್ಕ ಮೇಲೆ ಮೈಮೇಲೆ ಕಚ್ಚಿದ ಗಾಯ ಇದೆಯೇ ನೋಡಿ. ಇದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಮೊದಲೇ ಲಸಿಕೆ ಹಾಕಿಸಿದ್ದರೂ ಅಂದೇ ಪಶುವೈದ್ಯರಿಗೆ ತೋರಿಸಿ. ರೇಬಿಸ್ ವಿಷಯದಲ್ಲಿ ‘ನಾಳೆ ನೋಡೋಣ’ ಎಂಬುದಿಲ್ಲ.

ಇನ್ನು ಚಿಪ್. ಭುಜಗಳ ನಡುವೆ ಚರ್ಮದಡಿ ಸೇರಿಸುವ, ಅಕ್ಕಿಕಾಳಿನಷ್ಟು ಗಾತ್ರದ ಗಾಜಿನ ಕೊಳವೆ ಅದು. ಅದರಲ್ಲಿ ಬ್ಯಾಟರಿ ಇಲ್ಲ, ಜಿಪಿಎಸ್ ಇಲ್ಲ, ಉಪಗ್ರಹದೊಂದಿಗೆ ಯಾವ ಸಂಬಂಧವೂ ಇಲ್ಲ. 134.2 ಕಿಲೋಹರ್ಟ್ಸ್‌ನ ರೀಡರ್ ಯಂತ್ರವನ್ನು ಬೆನ್ನಿಗೆ ಹತ್ತಿರ ಹಿಡಿದಾಗ ಆ ಯಂತ್ರದ ಶಕ್ತಿಯಿಂದಲೇ ಎಚ್ಚೆತ್ತು 15 ಅಂಕಿಯ ಒಂದು ಸಂಖ್ಯೆ ಹೇಳುತ್ತದೆ, ಅಷ್ಟೇ. ಹಾಗೆಂದು ಅದು ದಂಡವಲ್ಲ. ಅಮೆರಿಕದ ಆಶ್ರಯಧಾಮಗಳಲ್ಲಿ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾರಿತಪ್ಪಿ ಬಂದ ಒಟ್ಟು ನಾಯಿಗಳಲ್ಲಿ ಶೇ 22ರಷ್ಟು ಮಾತ್ರ ಮನೆ ಸೇರಿದ್ದರೆ, ಚಿಪ್ ಇದ್ದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸೇರಿದ್ದವು. ಉಳಿದರ್ಧ ಸೇರದಿರಲು ದೊಡ್ಡ ಕಾರಣ, ಚಿಪ್ಪಿನ ಸಂಖ್ಯೆಯ ಎದುರು ನೋಂದಾಯಿಸಿದ ಫೋನ್ ನಂಬರ್ ತಪ್ಪಾಗಿದ್ದದ್ದು ಅಥವಾ ಕಡಿತಗೊಂಡಿದ್ದದ್ದು. ನಿಮ್ಮ ನಾಯಿಯ ಚಿಪ್ಪಿನ ಸಂಖ್ಯೆ ಯಾವ ಕಂಪನಿಯ ದಾಖಲೆಯಲ್ಲಿದೆ, ಅಲ್ಲಿರುವ ನಂಬರ್ ಈಗ ನೀವು ಬಳಸುತ್ತಿರುವುದೇ ಎಂದು ಇವತ್ತೇ ನೋಡಿ. ರೀಡರ್ ಯಂತ್ರ ಎಲ್ಲ ಊರಿನ ಪಶು ಆಸ್ಪತ್ರೆಯಲ್ಲೂ ಇರುವುದಿಲ್ಲವಾದ್ದರಿಂದ ಅದೇ ಫೋನ್ ನಂಬರನ್ನು ಕೊರಳಪಟ್ಟಿಯ ಮೇಲೂ ಅಳಿಸದ ಶಾಯಿಯಲ್ಲಿ ದಪ್ಪಗೆ ಬರೆಯಿರಿ.