ಘಟ್ಟ, ಹೊಳೆ, ಅಳಿವೆ: ಎಲ್ಲೂರಿನ ಸುತ್ತಣ ರಾಜಧಾನಿಗಳ ಭೂಗೋಳ

ಉಡುಪಿ ಜಿಲ್ಲೆಯ ಕಾಪು ತಾಲೂಕಿಗೆ ಸೇರಿದ ಎಲ್ಲೂರು, ಉತ್ತರದ ಉದ್ಯಾವರ ಹೊಳೆಗೂ ದಕ್ಷಿಣದ ಶಾಂಭವಿಗೂ ನಡುವೆ, ಕಡಲಿನಿಂದ ಕೆಲವೇ ಕಿಲೋಮೀಟರ್ ಒಳಗೆ, ಮುರಕಲ್ಲಿನ ದಿಣ್ಣೆಗಳ ಮೇಲೂ ಅವುಗಳ ನಡುವಣ ಗದ್ದೆಬೈಲುಗಳಲ್ಲೂ ಹರಡಿಕೊಂಡಿರುವ ಗ್ರಾಮ. ಸೀಯಾಳದ ಅಭಿಷೇಕಕ್ಕೆ ಹೆಸರಾದ ವಿಶ್ವೇಶ್ವರ ದೇವಸ್ಥಾನದಿಂದಾಗಿ ಭಕ್ತರಿಗೂ, 1,200 ಮೆಗಾವಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರದಿಂದಾಗಿ ಪತ್ರಿಕೆ ಓದುವವರಿಗೂ ಇದರ ಪರಿಚಯವಿದೆ. ಇಲ್ಲಿಂದ ಮೂಡಣಕ್ಕೆ ಹೊರಟರೆ ಬೆಳ್ಮಣ್ಣು, ಕಾರ್ಕಳಗಳನ್ನು ದಾಟಿ ಕುದುರೆಮುಖದ ಸಾಲು, ಬಡಗಣಕ್ಕೆ ಹೊರಟರೆ ಕಾಪು, ಉದ್ಯಾವರ, ಉಡುಪಿ, ಕಲ್ಯಾಣಪುರ, ಬಾರಕೂರು ಸಿಗುತ್ತವೆ. ಒಂದು ದಿನದಲ್ಲಿ ಸುತ್ತಿ ಬರಬಹುದಾದ ಈ ತುಣುಕು ನೆಲದಲ್ಲಿ ಸಾವಿರ ವರ್ಷಗಳ ಅವಧಿಯಲ್ಲಿ ಕನಿಷ್ಠ ಮೂರು ರಾಜಧಾನಿಗಳು ಎದ್ದು ಅಡಗಿವೆ. ಅವು ನಿರ್ದಿಷ್ಟವಾಗಿ ಅಲ್ಲಿಯೇ ಏಕೆ ಎದ್ದವು ಎಂಬ ಪ್ರಶ್ನೆಗೆ ಅರಸರ ವಂಶಾವಳಿಗಿಂತ ಹೊಳೆಗಳ ನಡೆಯೇ ಹೆಚ್ಚು ತೃಪ್ತಿಕರವಾದ ಉತ್ತರವನ್ನು ಕೊಡುತ್ತದೆ.

ಕಡಲಿನಿಂದ ಘಟ್ಟದ ನೆತ್ತಿಗೆ ಇಲ್ಲಿ ನೇರ ಅಳತೆಯಲ್ಲಿ ಸುಮಾರು 50 ಕಿಲೋಮೀಟರ್ ಮಾತ್ರ. ಅಷ್ಟರೊಳಗೆ ನೆಲ ಸಮುದ್ರಮಟ್ಟದಿಂದ ಸುಮಾರು 1,890 ಮೀಟರ್ ಎತ್ತರದ ಕುದುರೆಮುಖ ಶಿಖರದವರೆಗೆ ಏರುತ್ತದೆ. ಅರಬ್ಬೀ ಸಮುದ್ರದಿಂದ ನೀರು ಹೊತ್ತು ಬರುವ ನೈರುತ್ಯ ಮಾರುತ ಈ ಗೋಡೆಗೆ ತಾಗಿ ಮೇಲೇರುವಾಗ ತಣಿದು ಸುರಿಯುವುದರಿಂದ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆಯಾದರೆ, ಘಟ್ಟದ ಅಂಚಿನ ಆಗುಂಬೆಯಲ್ಲಿ ಅದು 7,000 ಮಿಲಿಮೀಟರನ್ನೂ ಮೀರುತ್ತದೆ, ಮತ್ತು ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬಿದ್ದು ಮುಗಿಯುತ್ತದೆ. ಈ ಸಾಲಿನ ಗಂಗಾಮೂಲವೆಂಬಲ್ಲಿ ತುಂಗಾ, ಭದ್ರಾ, ನೇತ್ರಾವತಿ ನದಿಗಳು ಒಂದಕ್ಕೊಂದು ಹತ್ತಿರದಲ್ಲೇ ಹುಟ್ಟುತ್ತವೆ. ಮೊದಲೆರಡು ಮೂಡಣಕ್ಕೆ ತಿರುಗಿ, ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಯನ್ನು ಸೇರಿ ಬಂಗಾಳಕೊಲ್ಲಿಗೆ ಹೋದರೆ, ಮೂರನೆಯದು ಪಡುವಣಕ್ಕೆ ಇಳಿದು ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಹೀಗೆ ಮಳೆನೀರನ್ನು ಎರಡು ಕಡಲುಗಳಿಗೆ ಹಂಚಿಕೊಡುವ ಏಣನ್ನು ಭೂಗೋಳಶಾಸ್ತ್ರದಲ್ಲಿ ಜಲವಿಭಾಜಕವೆನ್ನುತ್ತಾರೆ.

ಕಡಲಿಗೆ ಒತ್ತಿಕೊಂಡು ನಿಂತ ಪರ್ವತಸಾಲು ಮತ್ತು ಅದಕ್ಕೆ ಬೆನ್ನು ತಿರುಗಿಸಿ ಒಳನಾಡಿಗೆ ಹರಿಯುವ ನದಿಗಳು ಯುರೋಪಿನ ಬಾಲ್ಕನ್ ಪ್ರದೇಶದಲ್ಲೂ ಇವೆ. ಆಡ್ರಿಯಾಟಿಕ್ ಕಡಲಂಚಿನ ಡೈನಾರಿಕ್ ಆಲ್ಪ್ಸ್ ಸಾಲಿನಲ್ಲಿ ಹುಟ್ಟುವ ಮಾಂಟೆನೆಗ್ರೊದ ತಾರಾ ನದಿ, ಹತ್ತಿರದ ಕಡಲನ್ನು ಬಿಟ್ಟು, ದ್ರಿನಾ, ಸಾವಾ, ಡ್ಯಾನ್ಯೂಬ್ ನದಿಗಳ ಮೂಲಕ ದೂರದ ಕಪ್ಪುಸಮುದ್ರವನ್ನು ಸೇರುತ್ತದೆ. ಸಾಲನ್ನು ಸೀಳಿಕೊಂಡು ಆಡ್ರಿಯಾಟಿಕ್‌ಗೆ ಬರುವ ನೆರೆತ್ವಾದಂಥ ನದಿಗಳು ಕಡಿಮೆ. ಆದರೆ ಅಲ್ಲಿಯ ಬಂಡೆ ಸುಣ್ಣಕಲ್ಲಾದುದರಿಂದ ಬಿದ್ದ ಮಳೆ ಬಿರುಕುಗಳಲ್ಲಿ ಇಳಿದು ನೆಲದಡಿಯಲ್ಲಿ ಹರಿಯುತ್ತದೆ, ಹೊಳೆಗಳು ನಡುದಾರಿಯಲ್ಲಿ ಮಾಯವಾಗಿ ಬೇರೆಲ್ಲೋ ಮೇಲೇಳುತ್ತವೆ. ಅಲ್ಲಿಯ ಕೋಟರ್, ದುಬ್ರೊವ್ನಿಕ್‌ನಂಥ ಹಳೆಯ ಪಟ್ಟಣಗಳು ಬಂಡೆಯ ಬುಡದಲ್ಲಿ ಆಳವಾದ ಕಡಲ ದಂಡೆಯ ಮೇಲೆಯೇ ಕೋಟೆ ಕಟ್ಟಿಕೊಂಡವು. ತುಳುನಾಡಿನ ಹಳೆಯ ರಾಜಧಾನಿಗಳಿಗೆ ಆ ಅನುಕೂಲವಿರಲಿಲ್ಲ. ಇಲ್ಲಿಯ ಕಡಲಂಚು ಆಳವಿಲ್ಲದ ಮರಳು, ಮಳೆಗಾಲದಲ್ಲಿ ಅದರ ಮೇಲೆ ಹಡಗು ನಿಲ್ಲುವ ಮಾತೇ ಇಲ್ಲ. ಅವು ನಂಬಿದ್ದು ಹೊಳೆಗಳನ್ನು.

ಈ ಭಾಗದ ಮುಖ್ಯ ಹೊಳೆಗಳು ನಾಲ್ಕು. ಆಗುಂಬೆ ಕಡೆಯ ಕಾಡುಗಳಿಂದ ಇಳಿಯುವ ಸೀತಾ, ಹೆಬ್ರಿಯ ದಾರಿಯಾಗಿ ಬಾರಕೂರಿಗೆ ಬರುತ್ತದೆ. ಕಾರ್ಕಳ ತಾಲೂಕಿನ ಮೇಲಣ ಘಟ್ಟದಲ್ಲಿ ಹುಟ್ಟುವ ಸುವರ್ಣಾ, ಎಣ್ಣೆಹೊಳೆ, ಹಿರಿಯಡ್ಕಗಳ ಬದಿಯಲ್ಲಿ ಸಾಗಿ, ಮಣಿಪಾಲದ ಗುಡ್ಡದ ಬುಡದಲ್ಲಿ ಬಳಸಿಕೊಂಡು ಕಲ್ಯಾಣಪುರವನ್ನು ಮುಟ್ಟುತ್ತದೆ. ಪಾಪನಾಶಿನಿ ಎಂಬ ಹೆಸರೂ ಇರುವ ಉದ್ಯಾವರ ಹೊಳೆ ಘಟ್ಟದವರೆಗೂ ಹೋಗದ ಚಿಕ್ಕ ಹೊಳೆ. ಶಾಂಭವಿ ಮೂಲ್ಕಿಯ ಬಳಿ ನಂದಿನಿಯೊಡನೆ ಕೂಡಿ ಸಸಿಹಿತ್ಲುವಿನಲ್ಲಿ ಕಡಲು ಸೇರುತ್ತದೆ. ಇವುಗಳಲ್ಲಿ ಯಾವುದೂ ಕಾವೇರಿ, ಕೃಷ್ಣೆಗಳ ಎದುರು ನಿಲ್ಲುವ ಉದ್ದದ್ದಲ್ಲವಾದರೂ ಘಟ್ಟದ ಮಳೆಯೆಲ್ಲ ಅಷ್ಟು ಸಣ್ಣ ಪಾತ್ರದಲ್ಲಿ ಇಳಿಯಬೇಕಾದುದರಿಂದ ಆಷಾಢದಲ್ಲಿ ಇವುಗಳ ರಭಸ ಅಳತೆಗೆ ಮೀರಿದ್ದು.

ಕಡಲ ಹತ್ತಿರ ಬಂದಮೇಲೆ ಇವು ನೇರವಾಗಿ ಕಡಲಿಗೆ ಬೀಳದಿರುವುದು ಗಮನಿಸಬೇಕಾದ ಸಂಗತಿ. ಅಲೆಗಳು ದಡದುದ್ದಕ್ಕೂ ಸಾಗಿಸುವ ಮರಳು ಹೊಳೆಯ ಬಾಯಿಗೆ ಅಡ್ಡವಾಗಿ ನಾಲಗೆಯಂತೆ ಬೆಳೆಯುತ್ತ ಹೋಗುತ್ತದೆ, ಹೊಳೆ ಆ ಮರಳುಪಟ್ಟಿಯ ಹಿಂದೆ ಕಡಲಿಗೆ ಸಮಾನಾಂತರವಾಗಿ ಹರಿದು, ಎಲ್ಲಿ ದಾರಿ ಸಿಕ್ಕಿತೋ ಅಲ್ಲಿ ಹೊರಬೀಳುತ್ತದೆ. ಆ ಬಾಯಿಯೇ ಅಳಿವೆ. ಕಾಪು ತಾಲೂಕಿನ ಮಟ್ಟುವಿನಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಉದ್ಯಾವರ ಹೊಳೆ ಕಾಣುವುದು ಇದರಿಂದಲೇ, ಆ ಹೊಳೆ ಹೀಗೆ ಉತ್ತರಕ್ಕೆ ಸಾಗಿ ಮಲ್ಪೆಯ ಕಡೆ ಕಡಲು ಸೇರುತ್ತದೆ. ತಿಳಿಹಸಿರು ಮೈಯ, ತೊಟ್ಟಿನಲ್ಲಿ ಮುಳ್ಳಿರುವ, ಉಡುಪಿಯ ಮಠಗಳ ಅಡುಗೆಯಲ್ಲಿ ವಿಶೇಷ ಸ್ಥಾನವಿರುವ ಮಟ್ಟುಗುಳ್ಳ ಬೆಳೆಯುವುದು ಈ ಹೊಳೆಯಂಚಿನ ಮಣ್ಣಿನಲ್ಲಿ, ಅದಕ್ಕೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆತಿದೆ. ಸೀತಾ ಮತ್ತು ಸುವರ್ಣಾ ನದಿಗಳಂತೂ ಕೆಮ್ಮಣ್ಣು, ಕೋಡಿಬೆಂಗ್ರೆಗಳ ಕಡೆ ಒಂದರೊಳಗೊಂದು ಬೆರೆತು, ನಡುವೆ ಹಲವಾರು ಕುದುರುಗಳನ್ನು, ಅಂದರೆ ಹೂಳು ನಿಂತು ಆದ ತೆಂಗಿನ ದ್ವೀಪಗಳನ್ನು ಬಿಟ್ಟು, ಒಂದೇ ಅಳಿವೆಯಿಂದ ಕಡಲಿಗೆ ಇಳಿಯುತ್ತವೆ.

ಭರತದ ಹೊತ್ತಿಗೆ, ಅಂದರೆ ಕಡಲು ಏರುವಾಗ, ಉಪ್ಪುನೀರು ಈ ಅಳಿವೆಗಳಿಂದ ಹಲವು ಕಿಲೋಮೀಟರ್ ಒಳಕ್ಕೆ ನುಗ್ಗುತ್ತದೆ. ಹಾಯಿಹಡಗುಗಳ ಕಾಲದಲ್ಲಿ ಹೆದ್ದಾರಿಯೆಂದರೆ ಇದೇ. ಕಡಲ ನೀರಿನೊಡನೆ ದೋಣಿ ಒಳಗೆ ಬರಬಹುದಾದ, ಆದರೆ ಅಲೆಯ ಹೊಡೆತವಾಗಲಿ ಕಡಲ್ಗಳ್ಳರಾಗಲಿ ಸುಲಭಕ್ಕೆ ಮುಟ್ಟಲಾಗದ, ಘಟ್ಟದಿಂದ ಎತ್ತುಗಳ ಬೆನ್ನಮೇಲೆ ಇಳಿಯುವ ಮೆಣಸು, ಅಕ್ಕಿಗಳನ್ನು ದೋಣಿಗೆ ತುಂಬಬಹುದಾದ ಜಾಗ ಯಾವುದೋ ಅಲ್ಲಿ ಪಟ್ಟಣ ಬೆಳೆಯಿತು. ಉದ್ಯಾವರ ಅಂಥದು, ಬಾರಕೂರು ಅಂಥದು, ಬಸರೂರೂ ಅಂಥದೇ.

ಇವುಗಳಲ್ಲಿ ಹಳೆಯದಾದ ಉದ್ಯಾವರವನ್ನು ಶಾಸನಗಳು ಉದಯಪುರವೆಂದೂ ಕರೆಯುತ್ತವೆ. ತುಳುನಾಡನ್ನು ಹಲವು ಶತಮಾನಗಳ ಕಾಲ ಆಳಿದ ಆಳುಪರು ಎಂಟನೆಯ ಶತಮಾನದ ಸುಮಾರಿಗೆ ಇಲ್ಲಿಂದ ಆಡಳಿತ ನಡೆಸಿದರು. ಐದನೆಯ ಶತಮಾನದ ಹಲ್ಮಿಡಿ ಶಾಸನದಲ್ಲೇ ಈ ವಂಶದ ಉಲ್ಲೇಖವಿದೆ. ಚಿತ್ರವಾಹನ, ರಣಸಾಗರ, ಶ್ವೇತವಾಹನ ಎಂಬವರ ನಡುವೆ ಪಟ್ಟಕ್ಕಾಗಿ ನಡೆದ ಕಾದಾಟವನ್ನೂ ಅದರಲ್ಲಿ ಮಡಿದ ಆಳುಗಳನ್ನೂ ಉದ್ಯಾವರದ ವೀರಗಲ್ಲುಗಳು ದಾಖಲಿಸಿವೆ. ಎಲ್ಲೂರಿನಿಂದ ಕಾರ್ಕಳಕ್ಕೆ ಹೋಗುವ ದಾರಿಯ ಬೆಳ್ಮಣ್ಣಿನಲ್ಲಿ ದೊರೆತ ಇಮ್ಮಡಿ ಆಳುವರಸನ ತಾಮ್ರಪಟ, ಎಂಟನೆಯ ಶತಮಾನದ ಆದಿಭಾಗದ್ದು, ಪೂರ್ಣವಾಗಿ ಹಳಗನ್ನಡದಲ್ಲಿ ಬರೆದ ತಾಮ್ರಶಾಸನಗಳಲ್ಲಿ ಅತ್ಯಂತ ಹಳೆಯದೆಂದು ವಿದ್ವಾಂಸರು ಪರಿಗಣಿಸಿದ್ದಾರೆ. ಅದರ ಮೇಲಿರುವ ರಾಜಲಾಂಛನ ಜೋಡಿಮೀನು. ಹೊಳೆಯ ದಡದಲ್ಲಿ ಕೂತು ಆಳಿದವರು ಹುಲಿ, ಹಂದಿಗಳನ್ನು ಬಿಟ್ಟು ಮೀನನ್ನು ಆರಿಸಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಬಾರಕೂರಿನ ಕಥೆ ಇನ್ನೂ ದೊಡ್ಡದು. ಸೀತೆಯ ದಡದ ಈ ಊರು ಮೊದಲು ಆಳುಪರ ರಾಜಧಾನಿಯಾಗಿ, ಅನಂತರ ವಿಜಯನಗರ ಸಾಮ್ರಾಜ್ಯದ ಎರಡು ಕರಾವಳಿ ಪ್ರಾಂತಗಳಲ್ಲಿ ಒಂದಾದ ಬಾರಕೂರು ರಾಜ್ಯದ ಆಡಳಿತ ಕೇಂದ್ರವಾಗಿ ಬಾಳಿತು, ಇನ್ನೊಂದು ಪ್ರಾಂತ ಮಂಗಳೂರು ರಾಜ್ಯ. ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಈ ದಾರಿಯಾಗಿ ಹೋದ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತ, ಫಾಕನೂರು ಎಂದು ತಾನು ಕರೆದಿರುವ ಈ ಊರನ್ನು ಹಿನ್ನೀರಿನ ದಡದ ದೊಡ್ಡ ಪಟ್ಟಣವೆಂದು ವರ್ಣಿಸಿ, ಇಲ್ಲಿಯ ಕಬ್ಬಿನ ಸೊಗಸನ್ನು ಹೊಗಳಿ, ಅರಸನ ಬಳಿ ಸುಮಾರು 30 ಯುದ್ಧನೌಕೆಗಳಿದ್ದವೆಂದೂ, ಹಾದುಹೋಗುವ ಪ್ರತಿಯೊಂದು ಹಡಗು ಲಂಗರು ಹಾಕಿ ಅರಸನಿಗೆ ಬಂದರಿನ ಕಾಣಿಕೆ ಒಪ್ಪಿಸಿಯೇ ಮುಂದೆ ಹೋಗಬೇಕಿತ್ತೆಂದೂ ಬರೆದಿದ್ದಾನೆ. ಸೌಜನ್ಯದ ಹೆಸರಿನಲ್ಲಿ ವಸೂಲಾಗುತ್ತಿದ್ದ ಸುಂಕವಿದು. ಬಾರಕೂರಿನ ಹೆಸರು ಹೊತ್ತ ಗದ್ಯಾಣ ಶಾಸನಗಳಲ್ಲಿ ಮತ್ತೆ ಮತ್ತೆ ಬರುವುದನ್ನು ನೋಡಿದರೆ ಈ ಆದಾಯಕ್ಕೆ ತಕ್ಕ ನಾಣ್ಯವ್ಯವಸ್ಥೆಯೂ ಇಲ್ಲಿತ್ತೆಂದು ತಿಳಿಯುತ್ತದೆ.

ಆ ಪಟ್ಟಣದಲ್ಲಿ ಈಗ ಉಳಿದಿರುವುದು ಕೇರಿಗಳು. ಕೋಟೆಕೇರಿಯ ಪಂಚಲಿಂಗೇಶ್ವರ ದೇವಾಲಯ, ಚೌಳಿಕೇರಿಯ ಗಣಪತಿ ಗುಡಿ, ಮಣಿಗಾರಕೇರಿಯಲ್ಲಿ ಮಾಡು ತಗ್ಗಾಗಿ ಒಳಗೆಲ್ಲ ಮಬ್ಬು ಕವಿದಿರುವ ಕತ್ತಲೆ ಬಸದಿ, ಕಾಡು ಮುಚ್ಚಿದ ಕೋಟೆಯ ಕೆಲವು ಗೋಡೆಗಳು, ಹೊಲಗಳ ಬದಿಯ ಶಾಸನಕಲ್ಲುಗಳು ಒಂದೊಂದು ಕೇರಿಯಲ್ಲಿ ಒಂದೊಂದಾಗಿ ಸಿಗುತ್ತವೆ. ಕೇರಿಗಳ ನಡುವೆ ಗದ್ದೆ, ತೆಂಗು, ಅಡಿಕೆ. ಒಂದು ಕೇರಿಯಿಂದ ಇನ್ನೊಂದಕ್ಕಿರುವ ದೂರವನ್ನು ನಡೆದು ನೋಡಿದರೆ ಮಾತ್ರ ಹಳೆಯ ನಗರದ ಹರವು ಅಂದಾಜಿಗೆ ಬರುತ್ತದೆ.

ಕಾರ್ಕಳದ ನೆಲೆ ಈ ನಿಯಮಕ್ಕೆ ಹೊರತು. ಅಲ್ಲಿ ದೋಣಿ ಬರುವ ಹೊಳೆಯಿಲ್ಲ, ಬೋಳು ಬಂಡೆಗುಡ್ಡಗಳೂ ಕೆರೆಗಳೂ ಇವೆ. ಅದನ್ನು ಆಳಿದ ಭೈರರಸರು ಕಡಲಿನಿಂದ ಒಳಕ್ಕೆ ಹೋದವರೂ ಅಲ್ಲ. ಹುಂಚದ ಸಾಂತರರ ಪೀಳಿಗೆಯ ಇವರು ಘಟ್ಟದ ಮೇಲೆ ಭದ್ರೆಯ ಬದಿಯ ಕಳಸದಲ್ಲಿ ನೆಲೆಸಿ ಅಲ್ಲಿಂದ ಕೆಳಗಿಳಿದವರು. ಇತಿಹಾಸಕಾರರು ಅವರದನ್ನು ಕಳಸ–ಕಾರ್ಕಳ ರಾಜ್ಯವೆಂದೇ ಕರೆಯುತ್ತಾರೆ. ಒಂದು ಕಾಲು ಬಂಗಾಳಕೊಲ್ಲಿಗೆ ಹರಿಯುವ ನೀರಿನ ನಾಡಿನಲ್ಲಿ, ಇನ್ನೊಂದು ಅರಬ್ಬೀ ಸಮುದ್ರಕ್ಕೆ ಹರಿಯುವ ನೀರಿನ ನಾಡಿನಲ್ಲಿ ಊರಿದ್ದ ಈ ರಾಜ್ಯವನ್ನು ನೋಡಿದರೆ, ನೀರನ್ನು ಒಡೆಯುವ ಪರ್ವತ ಜನರನ್ನೂ ಒಡೆದೇ ತೀರುತ್ತದೆಂಬ ಪಾಠಪುಸ್ತಕದ ಮಾತಿಗೆ ಹೆಚ್ಚು ಆಧಾರವಿಲ್ಲವೆನಿಸುತ್ತದೆ. ಘಟ್ಟದ ಹಾದಿಯನ್ನು ಎರಡೂ ತುದಿಗಳಲ್ಲಿ ಹಿಡಿದುಕೊಂಡವನಿಗೆ ಅಳಿವೆಯಿಲ್ಲದೆಯೂ ರಾಜ್ಯಭಾರ ಸಾಧ್ಯವಿತ್ತು.

ಬಂಡೆಯ ನಾಡಿನ ಅರಸರು ಬಂಡೆಯಲ್ಲೇ ಹೆಸರು ಉಳಿಸಿದರು. ವೀರಪಾಂಡ್ಯನು 1432ರ ಫೆಬ್ರವರಿಯಲ್ಲಿ, ಗುರು ಲಲಿತಕೀರ್ತಿಯವರ ಪ್ರೇರಣೆಯಿಂದ, ಸುಮಾರು 42 ಅಡಿ ಎತ್ತರದ ಏಕಶಿಲೆಯ ಬಾಹುಬಲಿಯನ್ನು ಗುಡ್ಡದ ನೆತ್ತಿಯಲ್ಲಿ ನಿಲ್ಲಿಸಿ, ನಾಲ್ಕು ವರ್ಷಗಳ ಬಳಿಕ ಅದರ ಮುಂದೆ ಬ್ರಹ್ಮದೇವರ ಕಂಬವನ್ನೂ ನಿಲ್ಲಿಸಿದನು. ಶ್ರವಣಬೆಳಗೊಳದಲ್ಲಿ ಗುಡ್ಡದ ಬಂಡೆಯನ್ನೇ ಮೂರ್ತಿಯಾಗಿ ಕಡೆದರೆ, ಇಲ್ಲಿ ಬೇರೆಡೆ ಕಡೆದ ಮೂರ್ತಿಯನ್ನು ಬಂಡಿಯ ಮೇಲೆ ಗುಡ್ಡಕ್ಕೆ ಎಳೆದೊಯ್ದರೆಂಬುದು ಪರಂಪರೆಯ ಹೇಳಿಕೆ. ಎದುರಿನ ಚಿಕ್ಕ ಗುಡ್ಡದ ಮೇಲೆ ಇಮ್ಮಡಿ ಭೈರರಸ 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಗೆ ಮುಂಭಾಗ, ಹಿಂಭಾಗಗಳೆಂಬ ಭೇದವಿಲ್ಲ. ನಾಲ್ಕು ದಿಕ್ಕಿಗೆ ಒಂದೇ ಬಗೆಯ ನಾಲ್ಕು ಬಾಗಿಲು, ಯಾವ ಬಾಗಿಲಲ್ಲಿ ನಿಂತು ನೋಡಿದರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಅವೇ ಮೂರು ನಿಂತ ಮೂರ್ತಿಗಳು. ಒಳಗೂ ಹೊರಗೂ ಸೇರಿ 108 ಕಂಬಗಳು, ಮೇಲೆ ಕಲ್ಲುಚಪ್ಪಡಿಯ ಮಟ್ಟಸ ಮಾಡು. ಬಸದಿಯ ಪೂಜೆಗೆ ತೆಳ್ಳಾರು, ರೆಂಜಾಳ, ನಲ್ಲೂರುಗಳ ಉತ್ಪತ್ತಿಯನ್ನು ಬಿಟ್ಟುಕೊಟ್ಟ ವಿವರ ಅಲ್ಲಿಯ ಶಾಸನದಲ್ಲಿದೆ, ಈ ಮೂರೂ ಹಳ್ಳಿಗಳು ಇಂದಿಗೂ ಅದೇ ಹೆಸರಿನಲ್ಲಿವೆ.

ಅಳಿವೆಗೂ ಬಂಡೆಗೂ ನಡುವೆ ಉಳಿಯುವುದು ಮುರಕಲ್ಲಿನ ನೆಲ. ಗಾಳಿಗೆ ಒಡ್ಡಿದಷ್ಟೂ ಗಟ್ಟಿಯಾಗುವ, ಮೈತುಂಬ ತೂತಿರುವ ಈ ಕೆಂಪುಕಲ್ಲಿಗೆ ಲ್ಯಾಟರೈಟ್ ಎಂಬ ವೈಜ್ಞಾನಿಕ ಹೆಸರನ್ನು ಕೊಟ್ಟವನು 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್. ಇದು ಮಳೆಯನ್ನು ಕುಡಿದು ತಿಂಗಳುಗಟ್ಟಲೆ ಬುಡದಲ್ಲಿ ಒಸರುತ್ತದೆ. ಆ ಒಸರನ್ನು ಅನುಸರಿಸಿಯೇ ರೈತರು ಗದ್ದೆಗಳನ್ನು ವಿಂಗಡಿಸಿದ್ದಾರೆ: ತಗ್ಗಿನಲ್ಲಿದ್ದು ನೀರು ನಿಲ್ಲುವುದು ಬೈಲು, ನಡುವಿನದು ಮಜಲು, ಮಳೆಯನ್ನೇ ನಂಬಿ ಒಂದು ಬೆಳೆ ಕೊಡುವ ಮೇಲಿನದು ಬೆಟ್ಟು. ಮಳೆ ನಿಂತಮೇಲೆ ತೋಡುಗಳಿಗೆ ಕಲ್ಲು, ಮಣ್ಣು, ಸೊಪ್ಪುಗಳಿಂದ ಹಾಕುತ್ತಿದ್ದ ತಾತ್ಕಾಲಿಕ ಕಟ್ಟಗಳ ಜಾಗದಲ್ಲಿ ಈಗ ಹಲಗೆ ಇಳಿಸಿ ನೀರು ತಡೆಯುವ ಕಿಂಡಿ ಅಣೆಕಟ್ಟುಗಳು ಬಂದಿವೆ.

ಹೊಳೆಯ ಪಟ್ಟಣಗಳ ಅಳಿವಿಗೆ ಒಂದೇ ಕಾರಣ ಹೇಳುವುದು ಸರಿಯಾಗದು. ವಿಜಯನಗರ ಕುಸಿಯಿತು, ಪೋರ್ಚುಗೀಸರು ಕಡಲ ವ್ಯಾಪಾರವನ್ನು ಕೈಗೆ ತೆಗೆದುಕೊಂಡು, ಮುಂದೆ 1678ರಲ್ಲಿ ಕೆಳದಿಯ ಅರಸರೊಡನೆ ಒಪ್ಪಂದ ಮಾಡಿಕೊಂಡು ಕಲ್ಯಾಣಪುರದಂಥ ಕಡೆ ಇಗರ್ಜಿ ಕಟ್ಟುವ ಅನುಮತಿಯನ್ನೂ ಪಡೆದರು, 1763ರಲ್ಲಿ ಹೈದರಾಲಿ ಆ ಅರಸರ ರಾಜಧಾನಿ ಬಿದನೂರನ್ನು ಹಿಡಿದನು, 1799ರ ಬಳಿಕ ಬ್ರಿಟಿಷರು ಮಂಗಳೂರನ್ನು ಕೇಂದ್ರವಾಗಿಸಿಕೊಂಡರು. ಕೊನೆಗೆ ಕಡವಿನ ದೋಣಿಗಳ ಜಾಗದಲ್ಲಿ ಸೇತುವೆಗಳು ಬಂದು, ಮೂಲ್ಕಿ, ಉದ್ಯಾವರ, ಕಲ್ಯಾಣಪುರ, ಮಾಬುಕಳಗಳಲ್ಲಿ ಹೆದ್ದಾರಿ ಹೊಳೆಗಳನ್ನು ದಾಟಿದಾಗ, ಹೊಳೆ ಸಾಗಣೆಯ ದಾರಿಯಾಗಿ ಉಳಿಯದೆ ದಾಟಬೇಕಾದ ಅಡ್ಡಿಯಾಯಿತು.

ಅಲ್ಲಿಂದೀಚೆಗೆ ಬೆಳೆದ ಊರುಗಳೆಲ್ಲ ದಿಣ್ಣೆಯ ಮೇಲಿನವು. ಕ್ರಿ.ಶ. 1238ರಲ್ಲಿ ಕುಂಜಾರುಗಿರಿಯ ಬುಡದ ಪಾಜಕದಲ್ಲಿ ಹುಟ್ಟಿದರೆಂದು ಹೇಳಲಾಗುವ ಮಧ್ವಾಚಾರ್ಯರಿಂದ ಮಠಗಳ ಊರಾದ ಉಡುಪಿ ಹಿಂದಿನಿಂದಲೂ ಹೊಳೆಯನ್ನು ನೆಚ್ಚಿದ್ದಲ್ಲ. 1953ರಲ್ಲಿ ಟಿ.ಎಂ.ಎ. ಪೈ ಅವರು ವೈದ್ಯಕೀಯ ಕಾಲೇಜನ್ನು ತೆರೆದ ಮಣಿಪಾಲವಂತೂ ಆಗ ಬೋಳು ಮುರಕಲ್ಲು ಗುಡ್ಡವಾಗಿತ್ತು. ಎಲ್ಲೂರಿನ ವಿದ್ಯುತ್ ಸ್ಥಾವರಕ್ಕೆ ಹೊರದೇಶದ ಕಲ್ಲಿದ್ದಲು ನವಮಂಗಳೂರು ಬಂದರಿನಿಂದ ಕೊಂಕಣ ರೈಲಿನಲ್ಲಿ ಬರುತ್ತದೆ, ಯಂತ್ರ ತಣಿಸುವ ನೀರು ಕೊಳವೆಯಲ್ಲಿ ಕಡಲಿನಿಂದಲೇ ಬರುತ್ತದೆ; ಎಡಬಲಗಳ ಎರಡು ಹೊಳೆಗಳಲ್ಲಿ ಒಂದರ ಮೇಲೂ ಅದರ ಸಾಗಣೆ ನಿಂತಿಲ್ಲ. ಆದರೂ ಉಡುಪಿ ಮತ್ತು ಮಣಿಪಾಲದ ನಲ್ಲಿಗಳಿಗೆ ನೀರು ಬರುವುದು ಹಿರಿಯಡ್ಕದ ಬಳಿಯ ಬಜೆಯಲ್ಲಿ ಸುವರ್ಣೆಗೆ ಕಟ್ಟಿದ ಅಣೆಕಟ್ಟಿನಿಂದ. 2019ರ ಮೇ ತಿಂಗಳಲ್ಲಿ ಆ ಅಣೆಕಟ್ಟಿನ ನೀರು ತಳ ಕಂಡಾಗ, ನದಿಯ ಗುಂಡಿಗಳಲ್ಲಿ ಉಳಿದಿದ್ದ ನೀರನ್ನು ಪಂಪುಗಳಿಂದ ಎತ್ತಿ, ಟ್ಯಾಂಕರುಗಳಲ್ಲಿ ಮನೆಮನೆಗೆ ಹಂಚಬೇಕಾಯಿತು.