ಹೊಲ ನೋಡಿದವರ ಸಾಕ್ಷ್ಯ

ಬಿತ್ತಿದ ಶೇಂಗಾ ಮೊಳೆಯಲಿಲ್ಲ. ನೀವು ಬೀಜವನ್ನು ದೂರುತ್ತೀರಿ, ಬೀಜ ಮಾರಿದವರು ಮಳೆಯನ್ನು ದೂರುತ್ತಾರೆ. ನ್ಯಾಯಾಧೀಶರು ಬೇಸಾಯ ಬಲ್ಲವರೇ ಆಗಿರಬೇಕೆಂದಿಲ್ಲವಲ್ಲ! ಅದಕ್ಕೇ ಬಲ್ಲವರನ್ನು ಕೇಳುತ್ತಾರೆ. ಇದೇ ತಜ್ಞರ ಸಾಕ್ಷ್ಯ.

ಆಂಧ್ರದ ರೈತರು ಗ್ರಾಹಕ ವೇದಿಕೆಗಳಲ್ಲಿ ಗೆದ್ದ ಬೀಜದ ದಾವೆಗಳು ಸುಪ್ರೀಂ ಕೋರ್ಟಿನವರೆಗೂ ಹೋದವು. ಬೀಜವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಲ್ಲವೆಂದು ರಾಷ್ಟ್ರೀಯ ಬೀಜ ನಿಗಮ ವಾದಿಸಿತು. ಎಲ್ಲವನ್ನೂ ಬಿತ್ತಿದವನು ಮಾದರಿಯನ್ನು ಎಲ್ಲಿಂದ ತಂದಾನು? 2012ರಲ್ಲಿ ಕೋರ್ಟು ಆ ವಾದ ಒಪ್ಪಲಿಲ್ಲ. ಹೊಲ ನೋಡಿದ ತಜ್ಞರ ವರದಿ ರೈತರ ಕೈಹಿಡಿಯಿತು.

ಆದರೂ ತಜ್ಞರು ಕೊಡುವುದು ಅಭಿಪ್ರಾಯ, ತೀರ್ಪಲ್ಲ. ಮಾನನಷ್ಟದ ದಾವೆಯಲ್ಲೂ ಅಷ್ಟೇ: ಸಹಿಯಿಲ್ಲದ ಕಾಗದ ಯಾರ ಬರಹವೆಂದು ಕೈಬರಹ ತಜ್ಞರು ಹೇಳಿಯಾರು, ಮಾನ ಹೋಯಿತೇ ಎಂಬುದನ್ನಲ್ಲ.

ಬೆಳೆ ಕೆಟ್ಟರೆ ಹೊಲ ಉಳುವ ಮೊದಲೇ ಕೃಷಿ ಅಧಿಕಾರಿಗೆ ಅರ್ಜಿ ಕೊಟ್ಟು ಹೊಲ ತೋರಿಸಿ. ಬೀಜದ ಚೀಲ, ರಸೀದಿ ಎಸೆಯಬೇಡಿ.